ಮೋಡವೂ ಪೊದೆಯೂ ಒಂದೇ

ಹಾಸನದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಸೈಕಲ್ ಶಾಪಿನ ಪಕ್ಕದ ಮಳಿಗೆಯಲ್ಲಿ, 1995ರ ಬೇಸಿಗೆ ರಜೆಗೆ ಟಿವಿ ಗೇಮ್ ಅಂಗಡಿ ಶುರುವಾಯಿತು. ಮೂರು ಟಿವಿ, ಮೂರು ಗೇಮ್ ಪೆಟ್ಟಿಗೆ, ಒಂದು ಉದ್ದನೆ ಬೆಂಚು. ಅರ್ಧ ಗಂಟೆಗೆ ಮೂರು ರೂಪಾಯಿ. ಅಂಗಡಿಯಣ್ಣ ಗೋಡೆ ಗಡಿಯಾರ ನೋಡಿ ಯಾರು ಎಷ್ಟು ಹೊತ್ತಿಗೆ ಕೂತರೆಂದು ಸ್ಲೇಟಿನ ಮೇಲೆ ಬರೆದುಕೊಳ್ಳುತ್ತಿದ್ದ. ನಡುವೆ ಕರೆಂಟು ಹೋದರೆ ಆ ಹೊತ್ತೂ ನಮ್ಮ ಲೆಕ್ಕಕ್ಕೇ ಬರುತ್ತಿತ್ತು. ಒಳಗೆ ಸೆಕೆ, ಬೀಡಿ ವಾಸನೆ, ದೊಡ್ಡ ಹುಡುಗರ ತಳ್ಳಾಟ. ನಮ್ಮ ಸರದಿಯ ಕೊನೆಯ ಐದು ನಿಮಿಷ ಅವರೇ ಕಿತ್ತುಕೊಂಡು ಆಡುವುದು ವಾಡಿಕೆ. ನನ್ನ ಅಕ್ಕ ಆ ಅಂಗಡಿಗೆ ಒಂದು ದಿನವೂ ಬರಲಿಲ್ಲ. ಹುಡುಗಿಯರು ಬರಬಾರದೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆ ಪೆಟ್ಟಿಗೆಗಳು ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು. ಆಟ ತುಂಬಿದ ಕಾರ್ಟ್ರಿಡ್ಜ್‌ಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ಕ್ಯಾಸೆಟ್ ಓಡದಿದ್ದರೆ ತೆಗೆದು ಬಾಯಿಂದ ಊದಿ ಮತ್ತೆ ಹಾಕುವುದು. ಅದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಊದಿದ್ದರಿಂದ ಪ್ರಯೋಜನವೇನೂ ಆಗುತ್ತಿರಲಿಲ್ಲ. ತೆಗೆದು ಹಾಕುವಾಗ ಒಳಗಿನ ಲೋಹದ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳುತ್ತಿದ್ದವು, ಅಷ್ಟೇ. ಉಸಿರಿನ ತೇವದಿಂದ ಆ ಹಲ್ಲುಗಳು ಹಾಳಾಗುತ್ತವೆ, ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ.

ಕ್ಯಾಸೆಟ್‌ಗಳೂ ನಕಲು. ಎಷ್ಟೋ ಕ್ಯಾಸೆಟ್‌ಗಳಲ್ಲಿ ಮೊದಲ ಪರದೆಯ ಮೇಲಿನ ಕಂಪನಿಯ ಹೆಸರು, ವರ್ಷ ಎಲ್ಲವನ್ನೂ ಅಳಿಸಿರುತ್ತಿದ್ದರು. ಸಿನಿಮಾಕ್ಕೆ ನಿರ್ದೇಶಕ ಇರುತ್ತಾನೆ, ಕಾದಂಬರಿಗೆ ಬರೆದವರಿರುತ್ತಾರೆ ಎಂದು ಹನ್ನೊಂದನೇ ವಯಸ್ಸಿಗೆ ನನಗೆ ಗೊತ್ತಿತ್ತು. ಮಾರಿಯೋ ಆಟವನ್ನು ಯಾರೋ ಕೂತು ಮಾಡಿದ್ದಾರೆ ಅನ್ನುವ ಯೋಚನೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಮಾಡಿದವರ ಬಗ್ಗೆ ಓದಲು ಶುರುಮಾಡಿದ್ದು ಮೂವತ್ತು ದಾಟಿದ ಮೇಲೆ. ಆಗ ಗೊತ್ತಾದ ಮೊದಲ ಸಂಗತಿಯೇ ಮೋಡ ಮತ್ತು ಪೊದೆಯದು.

ಸೂಪರ್ ಮಾರಿಯೋ ಬ್ರದರ್ಸ್ 1985ರ ಆಟ. ಮೇಲೆ ಬಿಳಿ ಮೋಡ, ಕೆಳಗೆ ಹಸಿರು ಪೊದೆ. ಅವುಗಳ ಮುಂದೆ ನೂರಾರು ಸಲ ಓಡಿದ್ದರೂ ಎರಡೂ ಒಂದೇ ಚಿತ್ರ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದೇ ಉಬ್ಬು, ಅದೇ ಅಂಚು. ಬಿಳಿ ಕೊಟ್ಟು ಮೇಲಿಟ್ಟರೆ ಮೋಡ, ಹಸಿರು ಕೊಟ್ಟು ನೆಲಕ್ಕೆ ಇಳಿಸಿದರೆ ಪೊದೆ. ಇಡೀ ಆಟಕ್ಕಿದ್ದ ಜಾಗ 40 ಕಿಲೋಬೈಟ್. ಅದರಲ್ಲಿ 32 ಕಿಲೋಬೈಟಿನೊಳಗೆ ಪ್ರೋಗ್ರಾಂ, ಎಂಟು ಲೋಕಗಳ 32 ಸ್ಟೇಜುಗಳು, ಕೋಜಿ ಕೊಂಡೊ ಕೂಡಿಸಿದ ಸಂಗೀತ. ಉಳಿದ 8 ಕಿಲೋಬೈಟಿನಲ್ಲಿ ಅಷ್ಟೂ ಚಿತ್ರ. ಇವತ್ತು ವಾಟ್ಸ್ಯಾಪಿನಲ್ಲಿ ಕಳಿಸುವ ಒಂದು ಸಾಧಾರಣ ಫೋಟೋ ಈ ಇಡೀ ಆಟದ ಎರಡು ಮೂರು ಪಟ್ಟು ಜಾಗ ಹಿಡಿಯುತ್ತದೆ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಅವರ ಜೊತೆಯವರು ಮೋಡದಲ್ಲೇ ಪೊದೆಯನ್ನೂ ಮಾಡಿಕೊಂಡಿದ್ದನ್ನು ನಾನು ದೊಡ್ಡ ಕಸುಬುಗಾರಿಕೆ ಎಂದೇ ಎಣಿಸುತ್ತೇನೆ.

ಮಾರಿಯೋನ ಮೀಸೆಯೂ ಹೀಗೇ ಬಂದದ್ದು. ಅವನು ಮೊದಲು ಕಾಣಿಸಿಕೊಂಡದ್ದು 1981ರ ಡಾಂಕಿ ಕಾಂಗ್ ಆಟದಲ್ಲಿ. ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದಲ್ಲಿ ಮನುಷ್ಯನನ್ನು ಬರೆಯಬೇಕು. ಬಾಯಿ ಬಿಡಿಸಲು ಚುಕ್ಕಿ ಸಾಲದು, ದೊಡ್ಡ ಮೂಗಿನ ಕೆಳಗೆ ಮೀಸೆ ಇಟ್ಟರೆ ಮುಖ ಮುಖದಂತೆ ಕಾಣುತ್ತದೆ. ಜಿಗಿಯುವಾಗ ಕೂದಲು ಹಾರುವಂತೆ ಬರೆಯುವುದು ಕಷ್ಟ, ಆದ್ದರಿಂದ ಟೋಪಿ. ಕೈ ಬೀಸುವುದು ಮೈಯಿಂದ ಬೇರೆಯಾಗಿ ಕಾಣಲೆಂದು ಎರಡು ಬಣ್ಣದ ಬಟ್ಟೆ. ಆ ಆಟದಲ್ಲಿ ಅವನು ಬಡಗಿ, ಹೆಸರು ಜಂಪ್‌ಮ್ಯಾನ್. ನಿಂಟೆಂಡೊದ ಅಮೆರಿಕದ ಶಾಖೆ ಬಾಡಿಗೆಗೆ ಹಿಡಿದಿದ್ದ ಗೋದಾಮಿನ ಮಾಲೀಕ ಮಾರಿಯೋ ಸೆಗಾಲೆ. ಆ ಮಾಲೀಕನ ಹೆಸರೇ ಇವನಿಗೆ ಅಂಟಿಕೊಂಡಿತು.

ನಮ್ಮ ಬೀದಿಯ ಒಬ್ಬ ಹುಡುಗ ಒಂದು ದಿನ ಬಂದು, ಮಾರಿಯೋದಲ್ಲಿ ಮೈನಸ್ ಒಂದನೇ ಸ್ಟೇಜು ನೋಡಿದೆ ಅಂದ. ಸುಳ್ಳ ಅಂದೆವು. ತೋರಿಸು ಅಂದರೆ ಅವನಿಗೆ ಮತ್ತೆ ಅಲ್ಲಿಗೆ ಹೋಗಲು ಬರಲಿಲ್ಲ. ಒಂದು ವಾರ ಅವನನ್ನು ಯಾರೂ ಜೊತೆಗೆ ಸೇರಿಸಲಿಲ್ಲ. ಅವನು ಹೇಳಿದ್ದು ನಿಜ. 1-2ನೇ ಸ್ಟೇಜಿನ ಕೊನೆಯಲ್ಲಿ ಒಂದು ಲೆಕ್ಕದಲ್ಲಿ ಹಿಂದುಮುಂದಾಗಿ ಜಿಗಿದರೆ ಮಾರಿಯೋ ಇಟ್ಟಿಗೆ ಗೋಡೆಯೊಳಗಿಂದಲೇ ಆಚೆಗೆ ಜಾರುತ್ತಾನೆ. ಅಲ್ಲಿನ ಕೊಳವೆ ಎಲ್ಲಿಗೆ ಒಯ್ಯಬೇಕು ಎನ್ನುವ ಲೆಕ್ಕ ಆ ಕ್ಷಣಕ್ಕೆ ಇನ್ನೂ ತಯಾರಾಗಿರುವುದಿಲ್ಲ. ಆಟ ಬೇರೆ ಯಾವುದೋ ಅಂಕಿ ಎತ್ತಿಕೊಂಡು 36ನೇ ಲೋಕಕ್ಕೆ ಕಳಿಸುತ್ತದೆ. ಚಿತ್ರಗಳ ಪಟ್ಟಿಯಲ್ಲಿ 36ನೆಯದು ಖಾಲಿ ಚೌಕ. ಹಾಗಾಗಿ ಲೋಕದ ಅಂಕಿ ಕಾಣದೆ ಬರೀ ಅಡ್ಡಗೆರೆ, ಅದರ ಮುಂದೆ ಒಂದು. ಅದು ನೀರಿನೊಳಗಿನ ಸ್ಟೇಜು. ಕೊನೆಯ ಕೊಳವೆ ಹೊಕ್ಕರೆ ಮತ್ತೆ ಅದರ ಶುರುವಿಗೇ ಬಂದು ನಿಲ್ಲುತ್ತೇವೆ. ಆ ಹುಡುಗ ಈಗ ಅರಸೀಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಾಗ, ಅವತ್ತು ನೀನು ಹೇಳಿದ್ದು ಸರಿ ಇತ್ತು ಕಣೋ ಅಂದೆ. ಅವನಿಗೆ ಆ ಸಂಗತಿಯೇ ನೆನಪಿರಲಿಲ್ಲ.

ಅಂಗಡಿಯ ಎರಡನೇ ಟಿವಿಯಲ್ಲಿ ಕಾಂಟ್ರಾ ಆಟ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಇದನ್ನು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಿದ್ದೆವು. ಶುರುವಿನಲ್ಲೇ ಗುಂಡಿಗಳನ್ನು ಈ ಸಾಲಿನಲ್ಲಿ ಒತ್ತಿದರೆ ಮೂವತ್ತು ಲೈಫ್. ಹಾಸನದಲ್ಲಿ ಯಾವ ಪತ್ರಿಕೆಯೂ ಇದನ್ನು ಬರೆದಿರಲಿಲ್ಲ. ರಜೆಗೆ ಬೆಂಗಳೂರಿಗೆ ಹೋದ ಯಾರದೋ ಅಣ್ಣನ ಬಾಯಿಂದ ಬಂದಿತ್ತು. ಮೂಲದಲ್ಲಿ ಇದು ಕಾಂಟ್ರಾಕ್ಕೆ ಮಾಡಿದ್ದಲ್ಲ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ, ಗ್ರೇಡಿಯಸ್ ಎಂಬ ಬಾಹ್ಯಾಕಾಶ ನೌಕೆಯ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುತ್ತಿದ್ದರು. 1986ರಲ್ಲಿ ಅದು ಮಾರುಕಟ್ಟೆಗೆ ಬಂತು. ತಪ್ಪಿದೆಯೇ ಎಂದು ನೋಡಲು ಕೊನೆಯವರೆಗೆ ಆಡಬೇಕು. ಆಟ ಅವರ ಕೈಗೆ ಬಗ್ಗಲಿಲ್ಲ. ಎಲ್ಲ ಆಯುಧಗಳೂ ಒಟ್ಟಿಗೆ ಸಿಗುವಂತೆ, ತಮಗೆ ನೆನಪಿನಲ್ಲಿ ಉಳಿಯುವಂಥ ಈ ಸರಣಿಯನ್ನು ಒಳಗಿಟ್ಟರು. ಆಮೇಲೆ ತೆಗೆಯದೆ ಹಾಗೇ ಉಳಿಯಿತು. ಎರಡು ವರ್ಷದ ನಂತರ ಅದೇ ಕಂಪನಿಯ ಕಾಂಟ್ರಾದಲ್ಲಿ ಮೂವತ್ತು ಲೈಫ್ ಆಗಿ ಮತ್ತೆ ಬಂತು. ಹಾಶಿಮೊಟೊ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಸುದ್ದಿ ಓದಿದ ಹೊತ್ತಿಗೆ ನಾನು ಆಫೀಸಿನಲ್ಲಿದ್ದೆ. ಅವರ ಹೆಸರು ಗೊತ್ತಿಲ್ಲದ ವರ್ಷಗಳಲ್ಲೂ ಅವರು ಇಟ್ಟ ಸಾಲು ನನ್ನ ಬೆರಳಿನಲ್ಲಿತ್ತು.

ಮೂರನೇ ಟಿವಿಗೆ ಪ್ಲಾಸ್ಟಿಕ್ ಬಂದೂಕು. ಬಾತುಕೋಳಿ ಹೊಡೆಯುವ ಆಟ, ಡಕ್ ಹಂಟ್. ಬಂದೂಕಿನಿಂದ ಏನೋ ಕಿರಣ ಹೊರಟು ಟಿವಿಗೆ ಬಡಿಯುತ್ತದೆ ಎಂದೇ ನಂಬಿದ್ದೆವು. ಇದ್ದದ್ದು ಅದರ ಉಲ್ಟಾ. ಬಂದೂಕಿನ ತುದಿಯಲ್ಲಿರುವುದು ಬೆಳಕು ನೋಡುವ ಕಣ್ಣು. ಕುದುರೆ ಒತ್ತಿದ ತಕ್ಷಣ ಆಟ ಇಡೀ ಪರದೆಯನ್ನು ಕಪ್ಪು ಮಾಡಿ, ಮರುಗಳಿಗೆಯಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ತೋರಿಸುತ್ತದೆ. ಆ ಕಣ್ಣಿಗೆ ಕಪ್ಪಿನ ಬೆನ್ನಿಗೇ ಬಿಳಿ ಕಂಡರೆ ಗುರಿ ಸರಿ. ಎರಡು ಹಕ್ಕಿ ಇದ್ದರೆ ಒಂದಾದ ಮೇಲೆ ಒಂದಕ್ಕೆ ಚೌಕ ಬರುತ್ತದೆ, ಯಾವಾಗ ಬೆಳಕು ಸಿಕ್ಕಿತು ಎನ್ನುವುದರ ಮೇಲೆ ಯಾವ ಹಕ್ಕಿ ಬಿತ್ತು ಎಂದು ತೀರ್ಮಾನ. ಹಳೆಯ ದಪ್ಪ ಟಿವಿಯಲ್ಲಿ ಸಂಕೇತ ಬಂದ ಗಳಿಗೆಯಲ್ಲೇ ಚಿತ್ರ ಮೂಡುತ್ತಿದ್ದದ್ದರಿಂದ ಇದು ಸಾಧ್ಯವಾಗಿತ್ತು. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ಒಳಗೆ ಸಂಸ್ಕರಿಸಿ ತುಸು ತಡವಾಗಿ ತೋರಿಸುತ್ತದೆ. ಅಟ್ಟದಿಂದ ಇಳಿಸಿದ ಒಂದು ಹಳೆಯ ಗೇಮ್ ಸೆಟ್ಟನ್ನು ಮನೆಯ ಹೊಸ ಟಿವಿಗೆ ಸಿಕ್ಕಿಸಿ ನೋಡಿದೆ. ಮಾರಿಯೋ ಓಡಿದ. ಬಂದೂಕಿನಿಂದ ಒಂದು ಹಕ್ಕಿಯೂ ಬೀಳಲಿಲ್ಲ.

ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ದಿನಗಳಲ್ಲಿ ಸುತ್ತಲೂ ಅಂಗಡಿ ಕೂರುತ್ತವೆ. 1996ರಲ್ಲಿ ಅಲ್ಲಿ ಅಪ್ಪ ಕೈಯಲ್ಲಿ ಹಿಡಿದು ಆಡುವ ಬ್ರಿಕ್ ಗೇಮ್ ಕೊಡಿಸಿದರು. ಮೇಲೆ 9999 ಆಟ ಎಂದು ಅಚ್ಚಾಗಿತ್ತು. ಲೆಕ್ಕ ಹಾಕಿ ಕೂತರೆ ಹತ್ತು ಹದಿನೈದು ಆಟ; ವೇಗ ಬದಲಿಸಿ, ಮಟ್ಟ ಬದಲಿಸಿ ಮತ್ತೆ ಮತ್ತೆ ಎಣಿಸಿದ್ದರು. ಹತ್ತು ಚೌಕ ಅಗಲ, ಇಪ್ಪತ್ತು ಚೌಕ ಎತ್ತರ. ಕಾರು, ಟ್ಯಾಂಕು, ಹಾವು ಎಲ್ಲವೂ ಆ 200 ಚೌಕಗಳಲ್ಲೇ. ಅದರ ಮೂಲ ಆಟ ಟೆಟ್ರಿಸ್. ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅದನ್ನು ಬರೆದರು. ಅವರ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬರೆಯಲು ಬರುತ್ತಿರಲಿಲ್ಲ, ಅಕ್ಷರ ಮಾತ್ರ. ಆದ್ದರಿಂದ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಆಟ ಜಗತ್ತು ಸುತ್ತಿದರೂ ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿತ್ತು. ಪಜಿತ್ನೊವ್‌ಗೆ ತಮ್ಮ ಆಟದಿಂದ ಗೌರವಧನ ಬರತೊಡಗಿದ್ದು ಅದೇ 1996ರಿಂದ. ನಕಲು ಆಟಕ್ಕೆ ಅಪ್ಪ ಕೊಟ್ಟ ದುಡ್ಡಿನಲ್ಲಿ ಅವರಿಗೆ ಹೋದದ್ದು ಏನೂ ಇಲ್ಲ.

ನಮ್ಮ ಶಾಲೆಗೆ ಕಂಪ್ಯೂಟರ್ ಬಂದದ್ದು ಹೆಚ್ಚುಕಡಿಮೆ ಆಗಲೇ. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಒಳಗೆ ಹೋಗಿ, ಒಂದು ಯಂತ್ರಕ್ಕೆ ಮೂವರು ಕೂರಬೇಕು. ಬೇಸಿಕ್ ಪಾಠ. ಮೇಡಂ ಹೊರಗೆ ಹೋದರೆ ಯಾರಾದರೂ ಡೇವ್ ಎಂದು ಟೈಪ್ ಮಾಡುತ್ತಿದ್ದರು. ಕೆಂಪು ಟೋಪಿಯ ಡೇವ್ ಹಾರುತ್ತಾ ವಜ್ರ ಆಯ್ದುಕೊಂಡು, ಬಂಗಾರದ ಕಪ್ ಎತ್ತಿಕೊಂಡ ಮೇಲೇ ಬಾಗಿಲು ತೆರೆಯುತ್ತದೆ. ಇಲ್ಲಿ ಸರದಿ ಹಾಜರಿ ಪಟ್ಟಿಯ ಪ್ರಕಾರ, ಹುಡುಗಿಯರಿಗೂ ಹುಡುಗರಿಗೂ ಒಂದೇ. ಹಾಗಾಗಿ ಅಕ್ಕ ಡೇವ್ ಆಡಿದಳು. ನನಗಿಂತ ಚೆನ್ನಾಗಿ ಆಡಿದಳು. ಹತ್ತು ಸ್ಟೇಜನ್ನೂ ಮುಗಿಸಿದ್ದಾಳೆ ಎಂಬ ಸುದ್ದಿ ನನ್ನ ತರಗತಿಯವರೆಗೆ ಬಂದಿತ್ತು. ನನಗೆ ಆರನೇ ಸ್ಟೇಜು ದಾಟಲು ಆಗುತ್ತಿರಲಿಲ್ಲ.

ಮಾರಿಯೋ ಸೈಕಲ್ ಶಾಪಿನ ಪಕ್ಕ, ಡೇವ್ ಶಾಲೆಯೊಳಗೆ. ಎರಡಕ್ಕೂ ಸಂಬಂಧವಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಡೇಂಜರಸ್ ಡೇವ್ ಬರೆದದ್ದು ಜಾನ್ ರೊಮೆರೊ, 1988ರಲ್ಲಿ, ಫ್ಲಾಪಿಯಲ್ಲಿ ಬರುತ್ತಿದ್ದ ಒಂದು ಪತ್ರಿಕೆಗೆ, ತಮ್ಮ ಲೇಖನದ ಜೊತೆ ಉದಾಹರಣೆಯಾಗಿ. ಆಮೇಲೆ ರೊಮೆರೊ ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಎಂಬ ಊರಿನಲ್ಲಿ ಸಾಫ್ಟ್‌ಡಿಸ್ಕ್ ಕಂಪನಿ ಸೇರಿದರು. ಅಲ್ಲಿ ಜೊತೆಗಾರರು ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್. ಮಾರಿಯೋ ಆಟದಲ್ಲಿ ಹಿಂದಿನ ದೃಶ್ಯ ನುಣುಪಾಗಿ ಸರಿಯುತ್ತದೆ. ಆ ಕಾಲದ ಪಿಸಿಗೆ ಅದು ಸಾಧ್ಯವಿರಲಿಲ್ಲ, ಇಡೀ ಪರದೆಯನ್ನು ಮತ್ತೆ ಮತ್ತೆ ಬರೆಯುವಷ್ಟು ವೇಗ ಇರಲಿಲ್ಲ. ಕಾರ್ಮ್ಯಾಕ್ ಒಂದು ಉಪಾಯ ಕಂಡುಕೊಂಡರು. ಪರದೆಯನ್ನು ಸರಿಸಿ, ಹಿಂದಿನದಕ್ಕಿಂತ ಬೇರೆಯಾದ ಚೌಕಗಳನ್ನಷ್ಟೇ ಹೊಸದಾಗಿ ಬರೆಯುವುದು. ಆಕಾಶದ ಪಕ್ಕ ಆಕಾಶವೇ ಬಂದರೆ ಅಲ್ಲಿ ಬರೆಯುವ ಕೆಲಸವೇ ಇಲ್ಲ.

1990ರ ಸೆಪ್ಟೆಂಬರಿನ ಒಂದು ರಾತ್ರಿ ಕಾರ್ಮ್ಯಾಕ್ ಮತ್ತು ಹಾಲ್ ಆಫೀಸಿನಲ್ಲೇ ಉಳಿದು, ಪಕ್ಕದಲ್ಲಿ ಟಿವಿ ಇಟ್ಟುಕೊಂಡು, ಮೂರನೇ ಮಾರಿಯೋ ಆಟದ ಮೊದಲ ಸ್ಟೇಜನ್ನು ಚೌಕ ಚೌಕವಾಗಿ ನಕಲು ಮಾಡಿದರು. ಮಾರಿಯೋ ಇರಬೇಕಾದ ಜಾಗದಲ್ಲಿ ಡೇವ್‌ನನ್ನು ನಿಲ್ಲಿಸಿದರು. ಬೆಳಿಗ್ಗೆ ರೊಮೆರೊ ಬಂದು ಮೇಜಿನ ಮೇಲಿದ್ದ ಫ್ಲಾಪಿ ಹಾಕಿ ನೋಡಿದರು: ತಮ್ಮ ಡೇವ್ ಮಾರಿಯೋನ ಲೋಕದಲ್ಲಿ ಓಡುತ್ತಿದ್ದಾನೆ. ಅವತ್ತೇ ಈ ಕೆಲಸ ಬಿಡಬೇಕು ಎಂದು ರೊಮೆರೊ ತೀರ್ಮಾನಿಸಿದರು. ಮೂರನೇ ಮಾರಿಯೋದ ಪಿಸಿ ಮಾದರಿಯೊಂದನ್ನು ನಿಂಟೆಂಡೊಗೂ ಕಳಿಸಿದರು, ಅವರು ಬೇಡವೆಂದರು. ಅದೇ ಉಪಾಯದ ಮೇಲೆ ಡಿಸೆಂಬರಿನಲ್ಲಿ ಕಮಾಂಡರ್ ಕೀನ್, 1991ರಲ್ಲಿ ಇಡ್ ಸಾಫ್ಟ್‌ವೇರ್ ಎಂಬ ತಮ್ಮದೇ ಕಂಪನಿ, 1993ರಲ್ಲಿ ಡೂಮ್. ಇದೆಲ್ಲ ಆಗಿ ಮೂರು ವರ್ಷದ ಮೇಲೆ ನಮ್ಮ ಶಾಲೆಯಲ್ಲಿ ಹಳೆಯ ಡೇವ್ ಇನ್ನೂ ಕಪ್ ಎತ್ತುತ್ತಿದ್ದ.

ಅದೇ ಯಂತ್ರಗಳಲ್ಲಿ ಪ್ರಿನ್ಸ್ ಆಫ್ ಪರ್ಶಿಯಾ ಕೂಡ ಇತ್ತು. ರಾಜಕುಮಾರ ಓಡಿ ಬಂದು ನಿಲ್ಲುವಾಗ ಕಾಲು ಎಳೆದುಕೊಂಡು ಹೋಗುವ ರೀತಿ, ಅಂಚಿಗೆ ಜೋತುಬಿದ್ದು ಮೇಲೇರುವಾಗಿನ ಭಾರ, ಇವು ಬೇರಾವ ಆಟದಲ್ಲೂ ಇರಲಿಲ್ಲ. ಅದು ನಿಜವಾದ ಮೈ. ಜೋರ್ಡನ್ ಮೆಕ್ನರ್ 1985ರಲ್ಲಿ ಹೈಸ್ಕೂಲಿನಲ್ಲಿದ್ದ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ವಾಹನ ನಿಲ್ಲಿಸುವ ಬಯಲಿನಲ್ಲಿ ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚೌಕಟ್ಟನ್ನು ತಿದ್ದಿ ಕಂಪ್ಯೂಟರಿಗೆ ಏರಿಸಿದರು. ಕತ್ತಿವರಸೆ 1938ರ ರಾಬಿನ್ ಹುಡ್ ಸಿನಿಮಾದ್ದು. ಸಂಗೀತ ಮೆಕ್ನರ್ ಅವರ ತಂದೆಯದು. ಈ ಚೌಕಟ್ಟುಗಳೇ ಅವರು ಆಟ ಬರೆಯುತ್ತಿದ್ದ ಆಪಲ್ 2 ಯಂತ್ರದ ಸ್ಮೃತಿಯನ್ನೆಲ್ಲ ತಿಂದುಹಾಕಿದವು. ಎದುರಾಳಿಯೇ ಇಲ್ಲದೆ ಆಟ ಸಪ್ಪೆ, ಎದುರಾಳಿಗೆ ಬೇರೆ ಚಿತ್ರ ಇಡಲು ಜಾಗವಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕಿ ಸರಿಸಿ ಅದರ ಮೇಲೆಯೇ ಒಂದು ಗಣಿತಕ್ರಿಯೆ ಮಾಡಿದರು. ಮಿನುಗುವ ನೆರಳೊಂದು ಎದ್ದು ನಿಂತಿತು. ಕನ್ನಡಿಯೊಳಗಿಂದ ಹೊರಬಂದು, ಆಮೇಲೆ ಮದ್ದು ಕದಿಯುವ, ಬಾಗಿಲು ಮುಚ್ಚುವ ಆ ನೆರಳುಮನುಷ್ಯ ನಮ್ಮನ್ನು ಹೆದರಿಸಿದ್ದು ಬಹಳ. ಕೊನೆಗೆ ಅವನನ್ನು ಕೊಂದರೆ ನಾವೇ ಸಾಯುತ್ತೇವೆ. ಕತ್ತಿ ಒಳಗಿಟ್ಟು ಅವನೊಳಗೆ ನಡೆದುಹೋಗಬೇಕು. ಕತೆ ಬರೆಯಲು ಕೂತು ಕಂಡುಕೊಂಡ ಪಾತ್ರವಲ್ಲ ಅದು, ಜಾಗ ಸಾಲದೆ ಹುಟ್ಟಿದ್ದು. ಅದರ ಮೂಲ ಪ್ರೋಗ್ರಾಂ ಕಳೆದುಹೋಗಿದೆ ಎಂದೇ ಮೆಕ್ನರ್ ಬಹುಕಾಲ ಅಂದುಕೊಂಡಿದ್ದರು. 2012ರಲ್ಲಿ ಅವರ ತಂದೆಗೆ ಬೀರುವಿನ ಹಿಂಭಾಗದಲ್ಲಿ ಫ್ಲಾಪಿಗಳಿದ್ದ ಡಬ್ಬಿ ಸಿಕ್ಕಿತು.

ಇವರ ಹೆಸರುಗಳು ಇವತ್ತು ನನಗೆ ಗೊತ್ತಿವೆ. ಒಂದು ಕಾಲದಲ್ಲಿ ಕಂಪನಿಗಳಿಗೇ ಹೆಸರು ಬೇಡವಾಗಿತ್ತು. ಅಟಾರಿ ಕಂಪನಿಯಲ್ಲಿ ಆಟ ಬರೆದವರ ಹೆಸರನ್ನು ಡಬ್ಬಿಯ ಮೇಲೆ ಹಾಕುತ್ತಿರಲಿಲ್ಲ, ಮಾರಾಟದಲ್ಲಿ ಪಾಲೂ ಇಲ್ಲ. ವಾರೆನ್ ರಾಬಿನೆಟ್ ಅಡ್ವೆಂಚರ್ ಆಟ ಮಾಡಿದಾಗ ಹಿನ್ನೆಲೆಯ ಬಣ್ಣದ್ದೇ ಆದ ಒಂದೇ ಒಂದು ಚುಕ್ಕಿಯನ್ನು ಒಂದು ಕೋಣೆಯಲ್ಲಿ ಇಟ್ಟರು. ಅದನ್ನು ಹುಡುಕಿ, ಹೊತ್ತು ತಂದರೆ ಒಂದು ಗೋಡೆ ದಾಟಬಹುದು; ಅದರಾಚೆಯ ಕೋಣೆಯಲ್ಲಿ ಇದನ್ನು ಮಾಡಿದವರು ವಾರೆನ್ ರಾಬಿನೆಟ್ ಎಂದು ಬರೆದಿತ್ತು. ಯಾರಿಗೂ ಹೇಳದೆ ಕೆಲಸ ಬಿಟ್ಟರು. ಆಟ ಮಾರುಕಟ್ಟೆಗೆ ಹೋದ ಮೇಲೆ ಒಬ್ಬ ಹುಡುಗ ಬರೆದ ಕಾಗದದಿಂದ ಕಂಪನಿಗೆ ಗೊತ್ತಾಯಿತು. ಇಡೀ ಆಟಕ್ಕಿದ್ದದ್ದು 4 ಕಿಲೋಬೈಟ್. ಅದರಲ್ಲಿ ತಮ್ಮ ಹೆಸರಿಗೆ ಜಾಗ ಮಾಡಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಅಕ್ಕನ ಮಗಳು ಈಗ ಬೆಂಗಳೂರಿನಲ್ಲಿ ಒಂದು ಗೇಮ್ ಕಂಪನಿಯಲ್ಲಿ ಆರ್ಟಿಸ್ಟ್. ಈ ಊರಿನಲ್ಲಿ ಈ ಕೆಲಸಕ್ಕೆ ಸುಮಾರು ಮೂವತ್ತು ವರ್ಷದ ಇತಿಹಾಸವಿದೆ. ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗ ದೇಶದಲ್ಲಿ ಅಂಥ ಕಂಪನಿ ಇರಲಿಲ್ಲವೆನ್ನುವಷ್ಟು ಅಪರೂಪ. ಹೊರದೇಶದ ಆಟಗಳಿಗೆ ಕಾರು, ಕಟ್ಟಡ, ಮರ ಮಾಡಿಕೊಟ್ಟ ಆ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಕೊಂಡುಕೊಂಡಿತು. ಅಕ್ಕನ ಮಗಳು ಇರುವುದು ಬೇರೆ ಕಡೆ, ಹೆಸರು ಇಲ್ಲಿ ಬೇಡ. ಅವಳು ಮೂರು ವಾರ ಕೂತು ಒಂದು ಲಾರಿ ಮಾಡುತ್ತಾಳೆ. ತುಕ್ಕು ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲು ಯಶವಂತಪುರದ ಲಾರಿ ಸ್ಟ್ಯಾಂಡಿಗೆ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾಳೆ. ಆಟಗಾರ ಅದರ ಪಕ್ಕ ಎರಡು ಸೆಕೆಂಡಿನಲ್ಲಿ ಹಾದುಹೋಗುತ್ತಾನೆ.

ಹಿಂದೊಮ್ಮೆ ಅವಳು ಎರಡು ವರ್ಷ ದುಡಿದ ಒಂದು ಆಟ ಬಿಡುಗಡೆಯಾದಾಗ ಎಲ್ಲರೂ ಕೂತು ಕೊನೆಯ ಹೆಸರುಗಳ ಪಟ್ಟಿ ನೋಡಿದೆವು. ಅರ್ಧ ಗಂಟೆಯಾದರೂ ಉರುಳುತ್ತಿತ್ತು. ಊಟ ಒದಗಿಸಿದವರ ಹೆಸರೂ ಇತ್ತು. ಇವಳು ಕೆಲಸ ಮಾಡುವ ಕಂಪನಿಯ ಹೆಸರು ಒಂದು ಸಾಲು ಬಂತು, ಅದರ ಕೆಳಗೆ ಮನುಷ್ಯರ ಹೆಸರಿರಲಿಲ್ಲ. ಅವಳು ಏನೂ ಅನ್ನಲಿಲ್ಲ. ಅಕ್ಕ ಎರಡನೇ ಸಲ ಹಾಕಿಸಿ ನೋಡಿದಳು, ತಪ್ಪಿ ಹೋಗಿರಬಹುದು ಎಂದು. ನನಗೆ ಇದು ಅನ್ಯಾಯ ಎಂದೇ ಅನ್ನಿಸುತ್ತದೆ. 4 ಕಿಲೋಬೈಟಿನ ಕಾಲದಲ್ಲಿ ಜಾಗವಿಲ್ಲ ಎನ್ನಬಹುದಿತ್ತು. ನೂರು ಗಿಗಾಬೈಟಿನ ಆಟದಲ್ಲಿ ಒಂದು ಹೆಸರಿಗೆ ಎಷ್ಟು ಜಾಗ ಬೇಕು?

ಹೋದ ಸಂಕ್ರಾಂತಿಗೆ ಎಲ್ಲರೂ ಹಾಸನಕ್ಕೆ ಬಂದಿದ್ದರು. ಎಳ್ಳುಬೆಲ್ಲಕ್ಕೆಂದು ಅಕ್ಕ ಬೆಲ್ಲದ ಅಚ್ಚು ಹೆಚ್ಚುತ್ತಿದ್ದಳು. ನಾನು ಲ್ಯಾಪ್‌ಟಾಪಿನಲ್ಲಿ ಮಾರಿಯೋ ಹಾಕಿ ಮೋಡವನ್ನೂ ಪೊದೆಯನ್ನೂ ತೋರಿಸಿದೆ. ಅಕ್ಕ ಮುಖ ಹತ್ತಿರ ತಂದು ನೋಡಿದಳು. ಆ ಆಟವನ್ನು ಅವಳು ಮೊದಲ ಸಲ ನೋಡುತ್ತಿದ್ದದ್ದು.

ಅವಳ ಮಗಳಿಗೆ ಇದು ಹೊಸದಾಗಿ ಕಾಣಲಿಲ್ಲ. “ಈಗಲೂ ಹೀಗೇ ಮಾಡೋದು ಮಾಮ,” ಅಂದಳು. ತಟ್ಟೆಯಿಂದ ಬೆಲ್ಲದ ಒಂದು ಉಂಡೆ ತೆಗೆದು ನೆಲದ ಮೇಲಿಟ್ಟಳು. “ಇದು ಒಂದು ಬಂಡೆ ಅಂತಿಟ್ಕೊಳ್ಳಿ.” ಅದನ್ನು ಮಗ್ಗುಲು ಬದಲಿಸಿದಳು. “ಇದು ಇನ್ನೊಂದು.” ಬುಡ ಮೇಲೆ ಮಾಡಿದಳು. “ಇದು ಮೂರನೇದು. ಚಿಕ್ಕದು ಮಾಡಿದ್ರೆ ಕಲ್ಲು, ದೊಡ್ಡದು ಮಾಡಿ ಅರ್ಧ ನೆಲದೊಳಗೆ ಹೂತ್ರೆ ಗುಡ್ಡ. ಮೇಲೆ ಪಾಚಿ ಬಣ್ಣ ಕೊಟ್ರೆ ಹೊಳೆ ದಂಡೆ. ನಾನು ಮಾಡಿದ ಐದು ಬಂಡೇಲಿ ಒಂದಿಡೀ ಬೆಟ್ಟ ಎಬ್ಬಿಸಿದ್ದಾರೆ.”

“ಯಾವ ಆಟದ್ದೇ ಅದು?” ಅಕ್ಕ ಕೇಳಿದಳು.

“ಇನ್ನೂ ಬಂದಿಲ್ಲಮ್ಮ, ಹೇಳೋ ಹಾಗಿಲ್ಲ.”

“ನನಗೂ?”

“ನಿನಗೂ.”

ಅಕ್ಕ ಬೆಲ್ಲದ ಉಂಡೆಯನ್ನು ನೆಲದಿಂದ ಎತ್ತಿ, ಒಮ್ಮೆ ತಿರುಗಿಸಿ ನೋಡಿ, ಬೇರೆ ಇಟ್ಟಳು.